ಆರನೆಯ ಆದ್ಯತೆಗೆ ನಾನು ಹೇಳಿದ ಅರ್ಥ

ನಮ್ಮ ಕಡೆಯ ಖಾಸಗಿ ಕಾಲೇಜುಗಳ ಒಕ್ಕೂಟಕ್ಕೆ ಮುಂದಿನ ಐದು ವರ್ಷಗಳ ಆದ್ಯತೆಗಳನ್ನು ಬರೆದುಕೊಡುವ ಕೆಲಸ ಬಂದಾಗ, ಅದಕ್ಕೆ ನನಗಿಂತ ಯೋಗ್ಯನಾದವನು ಬೈಂದೂರಿನಿಂದ ಬ್ರಹ್ಮಾವರದವರೆಗೆ ಇನ್ನೊಬ್ಬನಿಲ್ಲ ಎಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಒಕ್ಕೂಟದ ಕಾರ್ಯದರ್ಶಿ ನಾನು. ಉಳಿದ ಯಾರಿಗೂ ಪುರುಸೊತ್ತಿಲ್ಲದ ಕಾರಣ ನನ್ನನ್ನು ಅವಿರೋಧವಾಗಿ ಆರಿಸಿದ್ದರು. ಅವಿರೋಧ ಎಂಬ ಶಬ್ದ ಕೇಳಿದರೆ ನನಗೆ ಆಗ ಮೈ ಪುಳಕವಾಗುತ್ತಿತ್ತು. ಈಗ ಕೇಳಿದರೆ ಎದ್ದು ಹೊರಗೆ ಹೋಗುತ್ತೇನೆ.

ನಾನು ಮರವಂತೆಯ ಹತ್ತಿರದ ಒಂದು ಸಣ್ಣ ಪದವಿ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಸಣ್ಣದು ಎಂದರೆ ನಿಜಕ್ಕೂ ಸಣ್ಣದು. ಹೆದ್ದಾರಿಯಿಂದ ನೋಡಿದರೆ ಅಕ್ಕಿ ಮಿಲ್ಲಿನ ಗೋದಾಮು ಎನ್ನಬೇಕು. ಮಳೆಗಾಲದಲ್ಲಿ ಕಡಲು ಮೊರೆಯುವಾಗ ನಾನು ಹೇಳಿದ ಪಾಠ ಮೊದಲ ಬೆಂಚಿಗೆ ಮಾತ್ರ ಮುಟ್ಟುತ್ತಿತ್ತು. ಅದೃಷ್ಟಕ್ಕೆ ನಮ್ಮಲ್ಲಿ ತುಂಬುತ್ತಿದ್ದದ್ದೂ ಮೊದಲ ಕೆಲವು ಬೆಂಚುಗಳೇ. ಮಕ್ಕಳಲ್ಲಿ ಹೆಚ್ಚಿನವರು ಆಸುಪಾಸಿನ ಮೀನುಗಾರರ ಮನೆಯ ಹುಡುಗಿಯರು.

ಈ ಹುಡುಗಿಯರಿಗಾಗಿ ನಮ್ಮ ಕಾಲೇಜಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಕ್ರಮ ಇತ್ತು. ಅವರ ತಾಯಂದಿರು ಬೆಳಕು ಹರಿಯುವ ಮೊದಲೇ ಗಂಗೊಳ್ಳಿ ಬಂದರಕ್ಕೆ ಹೋಗಿ, ಬೋಟು ಬಂದು ಮೀನು ಹರಾಜಾದ ಮೇಲೆ ಬುಟ್ಟಿ ಹೊತ್ತು ಊರೆಲ್ಲ ಮಾರಿ ತಿರುಗಿ ಬರಬೇಕು. ಅಲ್ಲಿಯವರೆಗೆ ಮನೆ, ತಮ್ಮಂದಿರು, ಹಾಸಿಗೆ ಹಿಡಿದ ಅಜ್ಜಿ, ಎಲ್ಲವೂ ಹುಡುಗಿಯ ತಲೆಯ ಮೇಲೆ. ತಾಯಿ ಬಂದ ಮೇಲೆಯೇ ಮಗಳು ಹೊರಡುವುದು. ಹಾಗಾಗಿ ನಮ್ಮ ಕಾಲೇಜಿನ ಮೊದಲ ಗಂಟೆ ಬೇರೆ ಕಾಲೇಜುಗಳಿಗಿಂತ ಬಹಳ ತಡವಾಗಿ ಬಾರಿಸುತ್ತಿತ್ತು. ಆ ವೇಳಾಪಟ್ಟಿ ಮಾಡಿದವನು ನಾನೇ. ನನ್ನ ಜೀವಮಾನದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಒಕ್ಕೂಟದಲ್ಲಿ ಆಗ ಒಂದು ಗಾಳಿಸುದ್ದಿ ಹಬ್ಬಿತ್ತು. ಸಣ್ಣ ಕಾಲೇಜುಗಳನ್ನು ಹತ್ತಿರದ ದೊಡ್ಡ ಕಾಲೇಜುಗಳ ಜೊತೆ ಸೇರಿಸಿಬಿಡಬೇಕು ಎಂಬ ಸಲಹೆಯನ್ನು ಬ್ರಹ್ಮಾವರ ಕಡೆಯ ಒಬ್ಬ ಪ್ರಾಂಶುಪಾಲರು ಮುಂದಿಟ್ಟಿದ್ದರು. ನಮ್ಮ ಪ್ರಾಂಶುಪಾಲರಾದ ಹೆಬ್ಬಾರರು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಹೆಬ್ಬಾರರು ಬಹಳ ಒಳ್ಳೆಯವರು. ನಾಲ್ಕು ಜನ ಸೇರಿದ ಕಡೆ ಬಾಯಿ ಬಿಡಬೇಕೆಂದರೆ ಮಾತ್ರ ಬೆವರುತ್ತಿದ್ದರು.

"ಆದ್ಯತೆ ಬರಿಯುದ್ ನೀವೇ ಅಲ್ದಾ? ಆ ಒಂದ್ ಅಂಶ ಬರದ್ ಹಾಂಗ್ ಕಾಣಿ ಮಾಷ್ಟ್ರೆ. ನಂಗೆ ಸಭೆಯಗೆ ಮಾತಾಡುಕೆ ಬತ್ತಿಲ್ಲೆ" ಎಂದರು.

"ಸರ್, ನೀವ್ ನೆಮ್ಮದಿಯಗೆ ಇರಿ. ಮಾತಾಡುಕೆ ನಾನಿಲ್ಯಾ?" ಎಂದೆ.

ಮರುದಿನ ಬೆಳಿಗ್ಗೆ ಗಿರಿಜಕ್ಕ ದಾರಿಯಲ್ಲಿ ಸಿಕ್ಕಿದರು. ಗಿರಿಜಕ್ಕ ನಮ್ಮ ಮನೆಗೆ ವರ್ಷಗಳಿಂದ ಮೀನು ಕೊಡುವವರು. ಅವರ ಮಗಳು ಲಲಿತಾ ನಮ್ಮಲ್ಲಿ ಬಿ.ಎ. ಎರಡನೆಯ ವರ್ಷ. ಆ ಮನೆಯಲ್ಲಿ ಹೈಸ್ಕೂಲು ದಾಟಿದವಳು ಅವಳೇ ಮೊದಲು. ಗಿರಿಜಕ್ಕ ಬುಟ್ಟಿ ಇಳಿಸಿ ಕೇಳಿದರು: "ಹ್ವಾಯ್ ಮಾಷ್ಟ್ರೆ, ಕಾಲೇಜ್ ಮುಚ್ಚತ್ರಂಬ್ರಲೆ, ಹೌದಾ? ಹೆಣ್ಣಿಗೆ ಇನ್ನೊಂದ್ ವರ್ಷ ಇತ್ತಲೆ?"

"ನಾನ್ ಇಪ್ಪತನ್ಕ ನೀವ್ ಹೆದ್ರುದ್ ಬೇಡ ಗಿರಿಜಕ್ಕ!" ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಅವರು ಅಷ್ಟಕ್ಕೇ ಸಮಾಧಾನಪಟ್ಟು, ತೂಕಕ್ಕಿಂತ ಮೇಲೆ ನಾಲ್ಕು ಬಂಗುಡೆ ಹಾಕಿ ಹೋದರು. ಆ ಬಂಗುಡೆಗಳನ್ನು ನಾನು ಬಾಯಿ ಚಪ್ಪರಿಸಿಕೊಂಡು ತಿಂದೆ.

ಇಲ್ಲಿ ನನ್ನ ಒಂದು ಚಟದ ಬಗ್ಗೆ ಹೇಳದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ. ನಾನು ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ನಾವು ಅಂಗಿ ಪಂಚೆಯಲ್ಲೇ ಎದುರುಬದುರು ಕುಳಿತು ಆ ಪಾತ್ರವಾಗಿ ವಾದ ಮಾಡುತ್ತೇವೆ. ಯಾವ ಪಾತ್ರ ಕೊಟ್ಟರೂ ಅದನ್ನು ಬಿಟ್ಟುಕೊಡಬಾರದು. ನನಗೆ ಯಾವಾಗಲೂ ಸಿಗುತ್ತಿದ್ದದ್ದು ಎದುರು ಪಾತ್ರ, ಅಂದರೆ ನ್ಯಾಯ ಕೇಳಿಕೊಂಡು ಬಂದವನನ್ನು ಬರಿಗೈಯಲ್ಲಿ ಕಳಿಸುವ ದುಷ್ಟ ರಾಜ. ನಾನು ಮಾತಿಗೆ ಕುಳಿತರೆ ನ್ಯಾಯದ ಕಡೆಯವನು ನೀರು ಕೇಳುತ್ತಾನೆ ಎಂದು ಊರಿನಲ್ಲಿ ಹೆಸರಿತ್ತು. ಪ್ರಸಂಗ ಮುಗಿದ ಮೇಲೆ ಗೆದ್ದವನು, ಸೋತವನು ಒಟ್ಟಿಗೆ ಕುಳಿತು ಚಾ ಕುಡಿಯುತ್ತೇವೆ. ಯಾರ ರಾಜ್ಯವೂ ಹೋಗುವುದಿಲ್ಲ.

ಹೀಗೆ ಪಳಗಿದ ಬುದ್ಧಿಯಿಂದ ನಾನು ಆದ್ಯತೆಗಳನ್ನು ಬರೆಯಲು ಕುಳಿತೆ. ಮೊದಲ ಐದು ಸರಾಗವಾಗಿ ಬಂದವು. ಗುಣಮಟ್ಟದ ಸಂವರ್ಧನೆ, ಗ್ರಂಥಾಲಯಗಳ ಸಬಲೀಕರಣ, ಅಧ್ಯಾಪಕರ ಬೌದ್ಧಿಕ ವಿಕಾಸ... ಯಾರೂ ಬೇಡ ಎನ್ನಲಾರದ, ಯಾರೂ ಮಾಡಲಾರದ ಮಾತುಗಳು. ಆರನೆಯದಕ್ಕೆ ಬಂದಾಗ ನನ್ನ ಒಳಗಿನ ಅರ್ಥಧಾರಿ ಎದ್ದು ಕುಳಿತ. ಬ್ರಹ್ಮಾವರದವರ ಸಲಹೆಯನ್ನು ಸುಮ್ಮನೆ ಬಿಟ್ಟರೆ ಅದು ಇನ್ನೊಂದು ವರ್ಷ ತಲೆ ಎತ್ತುತ್ತದೆ. ಅದರ ಬದಲು ನಾನೇ ಪಟ್ಟಿಯಲ್ಲಿ ಹಾಕಿ, ತುಂಬಿದ ಸಭೆಯಲ್ಲಿ ಅದನ್ನು ಖಂಡತುಂಡವಾಗಿ ಕತ್ತರಿಸಿದರೆ? 'ಲಘು ಸಂಸ್ಥೆಗಳ ಸಮೀಪಸ್ಥ ಬೃಹತ್ ಸಂಸ್ಥೆಗಳೊಡನೆ ವಿಲೀನೀಕರಣ' ಎಂದು ಬರೆದು ಕೆಳಗೆ ಗೆರೆ ಎಳೆದೆ.

ನನ್ನ ಹೆಂಡತಿ ಶಾರದೆ ಬೆನ್ನ ಹಿಂದಿನಿಂದ ಓದಿದಳು. "ಹ್ವಾಯ್, ಬೇಡದ್ದನ್ನ ಬರಿಯುದ್ ಎಂತಕೆ? ಬರೀದೆ ಇದ್ರೆ ಆತಿಲ್ಯಾ?"

"ನಿಂಗೆ ಗೊತ್ತಾತಿಲ್ಲೆ. ಎದ್ರಾಳಿನ ಎದ್ರಿಗ್ ಕೂರ್ಸ್ಕಂಡೇ ಸೋಲ್ಸ್ಕ್."

"ಬಾಗ್ಲ್ ಹಾಕಿದ್ರೆ ನಾಯಿ ಒಳ್ಗ್ ಬತ್ತಿಲ್ಲೆ. ನೀವ್ ಒಳ್ಗ್ ಕರ್ದ್ ಹೊಡುಕೆ ಹೊರ್ಟದ್ದ್" ಎಂದು ಹೇಳಿ ಅವಳು ಅಡುಗೆಮನೆಗೆ ಹೋದಳು. ತಾಳಮದ್ದಳೆಯ ಸೂಕ್ಷ್ಮ ಹೆಂಗಸರಿಗೆ ಎಲ್ಲಿ ತಿಳಿಯಬೇಕು ಎಂದುಕೊಂಡು ನಾನು ನಸುನಕ್ಕೆ.

ಸಭೆ ಸೇರಿದ್ದು ಕುಂದಾಪುರದ ಒಂದು ದೊಡ್ಡ ಕಾಲೇಜಿನ ಸಭಾಂಗಣದಲ್ಲಿ. ಆ ಕಾಲೇಜಿನ ಅಧ್ಯಕ್ಷರಾದ ಶೆಟ್ಟರೇ ಒಕ್ಕೂಟಕ್ಕೂ ಅಧ್ಯಕ್ಷರು. ಅವರು ಕೆಟ್ಟವರಲ್ಲ. ಆದರೆ ತಾಳಮದ್ದಳೆಯ ಹುಚ್ಚು ನನಗಿಂತ ಒಂದು ಹಿಡಿ ಹೆಚ್ಚು. ಎಲ್ಲಿ ತಾಳಮದ್ದಳೆ ಇದ್ದರೂ ಮೊದಲ ಸಾಲಿನಲ್ಲಿ ಕುಳಿತು, ಒಳ್ಳೆಯ ಮಾತು ಬಿದ್ದಾಗ ತೊಡೆ ತಟ್ಟುವವರು. ನನ್ನ ದುಷ್ಟ ರಾಜನ ಮೇಲೆ ಅವರಿಗೆ ವಿಶೇಷ ಪ್ರೀತಿ.

ಮೊದಲ ಐದು ಆದ್ಯತೆಗಳು ಚಾ ಬರುವುದರೊಳಗೆ ಅಂಗೀಕಾರವಾದವು. ಅರ್ಧ ಸಭೆ ನಿದ್ದೆಯಲ್ಲಿತ್ತು. ಆರನೆಯದು ಬಂದಾಗ ಶೆಟ್ಟರು ಕನ್ನಡಕ ಏರಿಸಿ ಸುತ್ತ ನೋಡಿದರು. ಬ್ರಹ್ಮಾವರದವರು ಇಲ್ಲ! ಅವರ ಮನೆಯಲ್ಲಿ ಯಾರಿಗೋ ಸೀರಿಯಸ್ಸಂತೆ, ಮಣಿಪಾಲದ ಆಸ್ಪತ್ರೆಗೆ ಓಡಿದ್ದಾರಂತೆ.

ನನ್ನ ಜಾಗದಲ್ಲಿ ಬುದ್ಧಿಯಿದ್ದವನು ಯಾರೇ ಇದ್ದರೂ ಏನು ಹೇಳುತ್ತಿದ್ದ? 'ಹೇಳುವವರೇ ಇಲ್ಲದ ಮೇಲೆ ಇದನ್ನು ಕೈಬಿಡೋಣ' ಎನ್ನುತ್ತಿದ್ದ. ಹೆಬ್ಬಾರರು ನನ್ನ ಮೊಣಕೈಯನ್ನು ತಿವಿದು ಅದನ್ನೇ ಹೇಳಿದರು. ನಾನು ಏಳುವುದರೊಳಗೆ ಶೆಟ್ಟರು ಕೈ ಎತ್ತಿದರು.

"ವಿಷಯ ಒಳ್ಳೇದಿತ್ತ್. ಒಂದ್ ಬದಿ ಮಾತ್ರ ಕೇಂಡ್ರೆ ರಸ ಇಲ್ಲೆ. ಮಾಷ್ಟ್ರೆ, ಬ್ರಹ್ಮಾವರದವ್ರ ಬದಿಯ ಅರ್ಥ ನೀವ್ ಹೇಳಿ ಕಾಂಬ. ಹೆಬ್ಬಾರ್ರ್ ಉತ್ತರ ಕೊಡ್ಲಿ."

ಮಲಗಿದ್ದವರೆಲ್ಲ ಎದ್ದು ನೇರ ಕುಳಿತರು. ಯಾರೋ ಹಿಂದಿನಿಂದ "ಆಯ್ಲಿ, ಆಯ್ಲಿ!" ಎಂದರು. ನನ್ನ ಕಿವಿಯಲ್ಲಿ ಮದ್ದಳೆ ಬಾರಿಸಿದಂತಾಯಿತು. ನಾನು ಬೇಡ ಎನ್ನಬೇಕಿತ್ತು. ಹೆಗಲ ಮೇಲೆ ಇಲ್ಲದ ಶಾಲನ್ನು ಸರಿಪಡಿಸಿಕೊಂಡು ಎದ್ದು ನಿಂತೆ.

"ಸಭಾಸದರೇ! ಒಂದು ವಿದ್ಯಾಲಯವು ಜ್ಞಾನದ ಕಡಲಾಗಬೇಕೋ, ಮಳೆ ನಿಂತರೆ ಬತ್ತುವ ಹೊಂಡವಾಗಬೇಕೋ? ನಾಲ್ಕು ಬೆಂಚುಗಳ ಮುಂದೆ ಒಬ್ಬ ಗುರು ನಿಂತು ಗೋಡೆಗೆ ಪಾಠ ಹೇಳುವುದನ್ನು ವಿದ್ಯಾದಾನವೆಂದು ಕರೆಯೋಣವೋ, ಗೋಡೆಯ ದೌರ್ಭಾಗ್ಯವೆಂದು ಕರೆಯೋಣವೋ?"

ಶೆಟ್ಟರು ತೊಡೆ ತಟ್ಟಿದರು. ಸಭೆ ಗೊಳ್ಳೆಂದು ನಕ್ಕಿತು. ಆ ಗೋಡೆ ನನ್ನದೇ ತರಗತಿಯ ಗೋಡೆ ಎಂಬುದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳು. ಹೊಳೆಯಿತು. ಆದರೆ ಇಷ್ಟು ಒಳ್ಳೆಯ ಮಾತನ್ನು ನುಂಗುವುದು ಹೇಗೆ?

ಹೆಬ್ಬಾರರು ಎದ್ದರು. ಕರವಸ್ತ್ರದಿಂದ ಹಣೆ ಒರೆಸಿಕೊಂಡರು. "ನಮ್ಮಲ್ ಬಪ್ಪುದ್ ಹೆಣ್ಮಕ್ಳ್. ಅಬ್ಬಿ ಬಂದರದಿಂದ ಬಂದ್ ಮೇಲೆ ಮಗ್ಳ್ ಹೊರಡುದ್. ಅದ್ಕೆ ನಾವ್ ಬೆಲ್ಲ್ ತಡ ಮಾಡಿ ಹೊಡುದ್. ದೊಡ್ ಕಾಲೇಜಗೆ ಹಂಗ್ ಮಾಡ್ತ್ರಾ? ಇಲ್ಲದಿದ್ರೆ ಆ ಮಕ್ಳ್ ಬಪ್ಪುದೇ ಇಲ್ಲೆ" ಎಂದರು. ಅಷ್ಟೇ. ಇನ್ನೇನು ಹೇಳುವುದೆಂದು ತಿಳಿಯದೆ ನಿಂತೇ ಇದ್ದರು. ಸಭೆ ಒಂದು ಕ್ಷಣ ಗಪ್ಪಾಯಿತು. ಆ ಗಪ್ಪಿನಲ್ಲಿ ನಮ್ಮ ಕಾಲೇಜು ಉಳಿದಿತ್ತು. ನಾನು ಬಾಯಿ ಮುಚ್ಚಿದ್ದರೆ ಸಾಕಿತ್ತು.

"ಪ್ರಾಚಾರ್ಯರೇ!" ಎಂದು ನಾನು ಗುಡುಗಿದೆ. "ಗಂಟೆಯ ನಾಲಗೆಯನ್ನು ಮೀನಿನ ಬೋಟಿಗೆ ಕಟ್ಟಿದ ವಿದ್ಯಾಲಯವನ್ನು ಲೋಕ ಎಲ್ಲಾದರೂ ಕಂಡದ್ದುಂಟೆ? ಬೋಟು ಬಾರದ ದಿನ ಸರಸ್ವತಿಗೂ ರಜೆಯೇ? ಮಕ್ಕಳು ಬರಲಾರರು ಎಂದಿರಿ. ಅವರೇಕೆ ಬರಬೇಕು? ಬಸ್ಸು ಹೋಗುತ್ತದೆ! ಹೆದ್ದಾರಿಗಲ್ಲ, ಓಣಿಯ ಬಾಯಿಗಲ್ಲ. ಬಾಗಿಲಿಗೆ! ಮನೆಯ ಬಾಗಿಲಿಗೆ ಬರುತ್ತದೆ ಬಸ್ಸು!"

ಚಪ್ಪಾಳೆ ಬಿತ್ತು. ಹೆಬ್ಬಾರರು ಏನೋ ಹೇಳಲು ಬಾಯಿ ತೆರೆದರು. ನನ್ನ ಮುಖ ನೋಡಿದರು. ಆ ತಡದ ಗಂಟೆಯ ವೇಳಾಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟು, ಹಟ ಮಾಡಿ ಒಪ್ಪಿಸಿದವನೇ ಈ ಮನುಷ್ಯ ಎಂದು ಅವರು ಸಭೆಗೆ ಹೇಳಬಹುದಿತ್ತು. ಹೇಳಲಿಲ್ಲ. ಕುರ್ಚಿಯನ್ನು ಸದ್ದಾಗದಂತೆ ಎಳೆದುಕೊಂಡು ಕುಳಿತರು. ಎದುರಾಳಿ ಕುಳಿತನೆಂದು ನನಗೆ ಆದ ಸಂತೋಷವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

"ಒಪ್ಪಿದವ್ರ್ ಕೈ ಎತ್ತಿ" ಎಂದರು ಶೆಟ್ಟರು.

ಕೈಗಳು ಎದ್ದವು. ಅದರಲ್ಲಿ ಒಂದು ಕೈ ಎಲ್ಲಕ್ಕಿಂತ ಎತ್ತರ ಇತ್ತು. ಅದು ನನ್ನದು! ಪಾತ್ರ ಬಿಟ್ಟುಕೊಡಬಾರದಲ್ಲ.

ಆರನೆಯ ಆದ್ಯತೆ ಅಂಗೀಕಾರವಾಯಿತು. ಮರುಕ್ಷಣವೇ ನನ್ನ ಕಿವಿಯ ಮದ್ದಳೆ ನಿಂತಿತು. ನಾನು ವೇದಿಕೆಯ ಹತ್ತಿರ ಓಡಿದೆ.

"ಅಧ್ಯಕ್ಷರೇ, ಅದ್ ಪಾತ್ರ ಅಲ್ದಾ? ನನ್ ಅಭಿಪ್ರಾಯ ಬೇರೆ ಇತ್ತ್. ನಾನೀಗ ಅದ್ನ ಹೇಳ್ತೆ."

"ಮಂಗಳಪದ ಆದ್ ಮೇಲೆ ಅರ್ಥ ಹೇಳ್ವ ಕ್ರಮ ಇಲ್ಲೆ ಮಾಷ್ಟ್ರೆ" ಎಂದು ಅವರು ನಕ್ಕು ನನ್ನ ಬೆನ್ನು ತಟ್ಟಿದರು. "ಪಾತ್ರ ಆಯ್ಲಿ. ಕೈ ನೀವೇ ಎತ್ತದ್ದಲೆ?"

ಅಷ್ಟಕ್ಕೇ ಮುಗಿಯಲಿಲ್ಲ. ವಿಲೀನದ ವಿಷಯವನ್ನು ಆಡಳಿತ ಮಂಡಳಿಗಳಿಗೂ ಪೋಷಕರಿಗೂ ಮನವರಿಕೆ ಮಾಡಲು ಒಂದು ಸಮಿತಿ ಬೇಕೆಂದಾಯಿತು. ಇಷ್ಟು ಚಂದ ಮನವರಿಕೆ ಮಾಡುವವರು ಇನ್ಯಾರಿದ್ದಾರೆ? ನನ್ನನ್ನೇ ಸಂಚಾಲಕನನ್ನಾಗಿ ಮಾಡಿದರು. ಅವಿರೋಧವಾಗಿ! ಮೇಲಿಂದ ಒಂದು ಶಾಲು ಹೊದೆಸಿ, ಕೈಗೆ ಹಣ್ಣಿನ ತಟ್ಟೆ ಕೊಟ್ಟರು. ವಾಪಸು ಬರುವ ಬಸ್ಸಿನಲ್ಲಿ ಹೆಬ್ಬಾರರು ನನ್ನ ಪಕ್ಕದಲ್ಲೇ ಕುಳಿತಿದ್ದರು. ನಾನು ಒಂದು ಕಿತ್ತಳೆ ಸುಲಿದು ಅರ್ಧ ಕೊಟ್ಟೆ. ಅವರು ತೆಗೆದುಕೊಂಡರು. ತಿನ್ನಲಿಲ್ಲ. ಮರವಂತೆ ಬರುವವರೆಗೂ ಅದನ್ನು ಅಂಗೈಯಲ್ಲೇ ಹಿಡಿದುಕೊಂಡಿದ್ದರು.

ಮನೆಯಲ್ಲಿ ಶಾರದೆ ಶಾಲು ನೋಡಿ ಕೇಳಿದಳು: "ಎಂತಾಯ್ತ್?"

"ಗೆದ್ದೆ."

"ಕಾಲೇಜ್ ಉಳೀತಾ?"

"ಇಲ್ಲೆ."

"ಮತ್ತ್ ಗೆದ್ದದ್ದ್ ಎಂತ?"

ನಾನು ಕಾಲು ತೊಳೆಯಲು ಹೋದೆ. ಬಹಳ ಹೊತ್ತು ತೊಳೆದೆ.

ಇನ್ನೂ ಒಂದು ಆಸೆ ಉಳಿದಿತ್ತು. ಒಕ್ಕೂಟ ಹೇಳಿದ ಮಾತ್ರಕ್ಕೆ ಕಾಲೇಜು ಮುಚ್ಚುವುದಿಲ್ಲ, ನಮ್ಮ ಆಡಳಿತ ಮಂಡಳಿ ಒಪ್ಪಬೇಕು. ಮಂಡಳಿಯ ಹಿರಿಯರು ಹಟವಾದಿಗಳು, ಒಪ್ಪುವುದೇ ಇಲ್ಲ ಎಂದು ನಂಬಿ ನಾನು ಅವರ ಮುಂದೆ ಸಮಿತಿಯ ಮಾತನ್ನು ಬಹಳ ಸಪ್ಪೆಯಾಗಿ ಹೇಳಿದೆ. ಬೇಕೆಂದೇ ತೊದಲಿದೆ. ಆದರೆ ಕುಂದಾಪುರದ ಮಾತು ನನಗಿಂತ ಮೊದಲೇ ಅವರ ಕಿವಿ ಮುಟ್ಟಿತ್ತು.

"ನೀವ್ ಹೇಳದ್ದ್ ನಾವ್ ಕೇಂಡಿತ್" ಎಂದರು ಹಿರಿಯರಲ್ಲಿ ಒಬ್ಬರು. "ನಮ್ಗೂ ನಡ್ಸಿ ಸಾಕಾಯ್ತ್ ಮಾಷ್ಟ್ರೆ. ಹೆಬ್ಬಾರ್ರ ಮೋರೆ ಕಂಡ್ ಮುಚ್ಚುಕೆ ಮನ್ಸ್ ಬತ್ತಿರ್ಲಿಲ್ಲೆ. ಒಳಗಿನವ್ರೇ ಇಷ್ಟ್ ಲಾಯ್ಕ್ ಮಾಡಿ ಹೇಳದ್ ಮೇಲೆ ಇನ್ನೆಂತ?"

ಅವರ ಮುಖದಲ್ಲಿ ಇದ್ದ ನಿರಾಳ ನೋಡಿ ನನಗೆ ಅಳು ಬಂತು. ಅವರು ಅದನ್ನು ಆನಂದಬಾಷ್ಪ ಎಂದುಕೊಂಡರು.

ಪೋಷಕರ ಸಭೆ ನಮ್ಮ ಕಾಲೇಜಿನಲ್ಲೇ ಆಯಿತು. ನಾನು ಹೇಳಿದ್ದ ಅದೇ ಗೋಡೆಯ ಮುಂದೆ ನಾನು ನಿಂತೆ. ಬಂದವರಲ್ಲಿ ಹೆಚ್ಚಿನವರು ತಾಯಂದಿರು. ಕೆಲವರು ಬಂದರದಿಂದ ನೇರ ಬಂದು ಖಾಲಿ ಬುಟ್ಟಿಗಳನ್ನು ಜಗಲಿಯಲ್ಲಿ ಕವುಚಿಟ್ಟಿದ್ದರು. ಶುಲ್ಕ ಹೆಚ್ಚಾಗುವುದಿಲ್ಲ, ಲೈಬ್ರರಿ ದೊಡ್ಡದು, ಕಂಪ್ಯೂಟರು ಇದೆ, ಬಸ್ಸು ಬರುತ್ತದೆ ಎಂದೆಲ್ಲ ಹೇಳಿದೆ. ಯಾರೂ ತೊಡೆ ತಟ್ಟಲಿಲ್ಲ.

"ಬಸ್ಸ್ ಎಷ್ಟ್ ಹೊತ್ತಿಗೆ ಬತ್ತ್ ಮಾಷ್ಟ್ರೆ?" ಎಂದು ಗಿರಿಜಕ್ಕ ಕೇಳಿದರು.

ಹೇಳಿದೆ. ಅದು ಅವರು ಇನ್ನೂ ಬಂದರದಲ್ಲಿ ಹರಾಜಿಗೆ ಕಾಯುವ ಹೊತ್ತು.

"ಆಗ ಹಾಸ್ಗಿ ಹಿಡ್ದ್ ಅತ್ತೆ ಹತ್ರ ಯಾರ್ ಇಪ್ಪುದ್?"

ನಾನು ಗೋಡೆ ನೋಡಿದೆ.

"ಆ ದಿನ ಕುಂದಾಪ್ರದಗೆ ಹೆಬ್ಬಾರ್ ಮಾಷ್ಟ್ರ್ ಎಂತ ಹೇಳ್ರ್?" ಎಂದು ಅವರು ಮತ್ತೆ ಕೇಳಿದರು. ಸಿಟ್ಟಿನಿಂದಲ್ಲ. ತಿಳಿಯಬೇಕೆಂದೇ ಕೇಳಿದ್ದು.

"ಅಬ್ಬಿ ಬಂದ್ ಮೇಲೆ ಮಗ್ಳ್ ಹೊರಡುದ್, ಬೆಲ್ಲ್ ಬೇಗ ಹೊಡದ್ರೆ ಮಕ್ಳ್ ಬಪ್ಪುದಿಲ್ಲೆ ಅಂದ್ರ್."

"ಅದ್ ಸತ್ಯ ಅಲ್ದಾ?"

"ಸತ್ಯ."

"ಸತ್ಯ ಹೇಳಿಯೂ ಅವ್ರ್ ಹ್ಯಾಂಗ್ ಸೋತದ್ದ್?"

ಎಂತೆಂತಹ ಪ್ರಶ್ನೆಗಳಿಗೆ ನಿಂತ ನಿಲುವಿನಲ್ಲಿ ಉತ್ತರ ಕೊಟ್ಟ ನಾನು ಆ ದಿನ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದೆ. ಹಿಂದಿನ ಬೆಂಚಿನಲ್ಲಿ ಹೆಬ್ಬಾರರು ತಲೆ ತಗ್ಗಿಸಿ ಕುಳಿತಿದ್ದರು. ಗಿರಿಜಕ್ಕ ಅದನ್ನು ನೋಡಿದರು. ಆಮೇಲೆ, "ಆಯ್ಲಿ ಮಾಷ್ಟ್ರೆ, ಹೊತ್ತಾಯ್ತ್. ಬತ್ತೆ" ಎಂದು ಎದ್ದು, ಜಗಲಿಯಲ್ಲಿ ಬುಟ್ಟಿ ಎತ್ತಿಕೊಂಡು ಹೋದರು. ಅವರು ನನ್ನನ್ನು ಬೈಯಬೇಕಿತ್ತು. ಬೈದಿದ್ದರೆ ಒಂದು ಉತ್ತರವಾದರೂ ಹೊಳೆಯುತ್ತಿತ್ತು.

ಜೂನಿನಲ್ಲಿ ನಮ್ಮ ಬೆಂಚುಗಳು ಲಾರಿ ಹತ್ತಿ ಕುಂದಾಪುರಕ್ಕೆ ಹೋದವು. ಬೆಂಚುಗಳ ಜೊತೆ ಕೆಲವು ಮಕ್ಕಳು ಹೋದರು, ಹಲವರು ಹೋಗಲಿಲ್ಲ. ಲಲಿತಾ ಹೋಗಲಿಲ್ಲ. ದೊಡ್ಡ ಕಾಲೇಜಿನ ಬೆಲ್ಲನ್ನು ತಡ ಮಾಡಿಸಲು ನಾನು ಶೆಟ್ಟರ ಹತ್ತಿರ ಹೋಗಿದ್ದೆ. ಅವರು ಎಲ್ಲ ಕೇಳಿ, "ಗಂಟಿಯ ನಾಲ್ಗಿನ ಬೋಟಿಗ್ ಕಟ್ಟುಕ್ ಆತ್ತಾ ಮಾಷ್ಟ್ರೆ?" ಎಂದು ನನ್ನ ಮಾತನ್ನು ನನಗೇ ಹೇಳಿ ಮನಸಾರೆ ನಕ್ಕರು. ಒಳ್ಳೆಯ ಮಾತನ್ನು ಅವರು ಎಂದೂ ಮರೆಯುವುದಿಲ್ಲ. ಹೆಬ್ಬಾರರು ಸ್ವಯಂ ನಿವೃತ್ತಿ ಪಡೆದರು. ದಾರಿಯಲ್ಲಿ ಕಂಡರೆ ಈಗಲೂ ಅವರೇ ಮೊದಲು ನಮಸ್ಕಾರ ಮಾಡುತ್ತಾರೆ. ಅದನ್ನು ತಾಳಿಕೊಳ್ಳುವುದು ಬಹಳ ಕಷ್ಟ.

ನಾನು ತಾಳಮದ್ದಳೆಯನ್ನು ಬಿಟ್ಟುಬಿಡುತ್ತೇನೆ ಎಂದು ಘೋಷಿಸಿದೆ. ಯಾರೂ ಬೇಡ ಎನ್ನಲಿಲ್ಲ. ಹಾಗಾಗಿ ನಾನೇ ಪುನಃ ಹೋದೆ. ಈಗ ದೂತನ ಪಾತ್ರ ಕೇಳಿ ಪಡೆದಿದ್ದೇನೆ. 'ಅಪ್ಪಣೆ, ಪ್ರಭು' ಎಂದರೆ ಮುಗಿಯಿತು. ಮೊನ್ನೆ ಅದನ್ನು ಹೇಳುವಾಗಲೂ ಪ್ರಭುವೇ ನೀರು ಕೊಡಬೇಕಾಯಿತು.

ದೊಡ್ಡ ಕಾಲೇಜಿನಲ್ಲಿ ನನಗೆ ಪಾಠ ಕಡಿಮೆ. ಆದ್ದರಿಂದ ಬೈಂದೂರು ಕಡೆಯ ಬಸ್ಸಿನ ಉಸ್ತುವಾರಿಯನ್ನೂ ಕೊಟ್ಟಿದ್ದಾರೆ. ಗಿರಿಜಕ್ಕನ ಓಣಿಯ ಹತ್ತಿರ ಬಸ್ಸು ಬಂದಾಗ ನಾನು ಡ್ರೈವರನಿಗೆ ಒಂಚೂರು ನಿಲ್ಲಿಸಲು ಹೇಳುತ್ತೇನೆ. ಅವನು ಹಾರ್ನ್ ಹೊಡೆಯುತ್ತಾನೆ. ಓಣಿಯ ಕೊನೆಯ ಮನೆಯಲ್ಲಿ ಲಲಿತಾ ಅಜ್ಜಿಯನ್ನು ಹಿಡಿದುಕೊಂಡು ಜಗಲಿಗೆ ತಂದು ಕೂರಿಸುತ್ತಿರುತ್ತಾಳೆ. ಒಮ್ಮೊಮ್ಮೆ ತಲೆ ಎತ್ತಿ ನೋಡುತ್ತಾಳೆ. "ಯಾರಿಗ್ ಕಾಯುದ್ ಸರ್?" ಎಂದು ಡ್ರೈವರ್ ಕೇಳುತ್ತಾನೆ. "ಹೋಪ" ಎನ್ನುತ್ತೇನೆ.

ಬಸ್ಸು ಮನೆಯ ಬಾಗಿಲಿಗೆ ಬರುತ್ತದೆ ಎಂದು ತುಂಬಿದ ಸಭೆಯಲ್ಲಿ ನಾನು ಸಾರಿದ್ದು ಸುಳ್ಳಾಗಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ದಾಖಲಿಸಬೇಕು. ಓಣಿಯ ಬಾಯಿಗಲ್ಲ, ಹೆದ್ದಾರಿಗಲ್ಲ, ಸಾಕ್ಷಾತ್ ಬಾಗಿಲಿಗೇ ದಿನಾ ಬೆಳಿಗ್ಗೆ ತಪ್ಪದೆ ಬರುತ್ತದೆ. ಉಸ್ತುವಾರಿ ಹೊತ್ತವನ ಮನೆಯಿಂದಲೇ ಬಸ್ಸು ಹೊರಡುವುದು ಕ್ರಮವಂತೆ. ನನ್ನ ಬಾಗಿಲಿಗೆ ಬರುತ್ತದೆ!